ಗಣಕಯಂತ್ರದ ವೇಗವೂ ಸ್ಥೈರ್ಯವೂ

ಗಣಕಯಂತ್ರದ ಮೆದುಳೆನಿಸಿದ ಪ್ರೊಸೆಸರನ್ನು ತಯಾರಕರು ಗೊತ್ತುಮಾಡಿದುದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. 1998ರಲ್ಲಿ ಇಂಟೆಲ್ ಕಂಪನಿಯ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು 300 ಮೆಗಾಹರ್ಟ್ಸಿನಿಂದ 450ಕ್ಕೆ ಏರಿಸಿ ಹಿಗ್ಗಿದವರು ಅನೇಕರು. ಪುಕ್ಕಟೆಯಾಗಿ ದೊರೆಯುವ ವೇಗ ಯಾರಿಗೆ ಬೇಡ? ಆದರೆ ಯಂತ್ರ ಓಡುವುದು ಬೇರೆ, ತಪ್ಪಿಲ್ಲದೆ ಓಡುವುದು ಬೇರೆ.

ಪ್ರೊಸೆಸರು ತಾಳಕ್ಕೆ ತಕ್ಕಂತೆ ಕೆಲಸ ಮಾಡುತ್ತದೆ. ಮೂಲ ತಾಳ 100 ಮೆಗಾಹರ್ಟ್ಸ್ ಇದ್ದು ಅದನ್ನು 40ರಿಂದ ಗುಣಿಸಿದರೆ 4 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 400 ಕೋಟಿ ಪೆಟ್ಟು. ಒಂದು ಪೆಟ್ಟಿಗೂ ಮುಂದಿನ ಪೆಟ್ಟಿಗೂ ನಡುವೆ ಒಳಗಿನ ಸಂಕೇತಗಳೆಲ್ಲ ಸೊನ್ನೆಯೋ ಒಂದೋ ಎಂದು ನೆಲೆಗೊಳ್ಳಬೇಕು. ಷಟ್ಪದಿಯನ್ನು ಅತಿ ದ್ರುತಗತಿಯಲ್ಲಿ ಓದುವವನು ಅಕ್ಷರ ನುಂಗುವುದಿಲ್ಲವೆ? ಹಾಗೆಯೇ ಇಲ್ಲಿಯೂ ಸೊನ್ನೆಯ ಜಾಗದಲ್ಲಿ ಒಂದು ಬೀಳುತ್ತದೆ. ಯಂತ್ರ ಒಮ್ಮೆಲೇ ನಿಂತರೆ ಅದು ಪುಣ್ಯವೆನ್ನಬೇಕು. ನಿಲ್ಲದೆ, ತಪ್ಪು ಅಂಕಿಯನ್ನೇ ಅಂಗಡಿಯ ಲೆಕ್ಕದಲ್ಲೋ ವಿದ್ಯಾರ್ಥಿಯ ಬರಹದಲ್ಲೋ ಸದ್ದಿಲ್ಲದೆ ಬರೆದಿಟ್ಟರೆ ಅದು ನಿಜವಾದ ಹಾನಿ.

ವಿದ್ಯುತ್ತಿನ ವೋಲ್ಟೇಜನ್ನು ತುಸು ಏರಿಸಿದರೆ ಸಂಕೇತಗಳು ಬೇಗ ನೆಲೆಗೊಳ್ಳುತ್ತವೆ. ಆದರೆ ಇದಕ್ಕೆ ಶಾಖದ ದಂಡ ತೆರಬೇಕು. ಶಾಖವು ವೇಗದೊಡನೆ ನೇರವಾಗಿಯೂ ವೋಲ್ಟೇಜಿನೊಡನೆ ಅದರ ವರ್ಗದಂತೆಯೂ ಏರುತ್ತದೆ. ಎರಡನ್ನೂ ನೂರಕ್ಕೆ ಹತ್ತರಷ್ಟು ಹೆಚ್ಚಿಸಿದರೆ ಶಾಖ ಸುಮಾರು ನೂರಕ್ಕೆ ಮೂವತ್ತಮೂರರಷ್ಟು ಹೆಚ್ಚುತ್ತದೆ. ನಮ್ಮ ಶಹಾಬಾದ, ವಾಡಿ, ಸೇಡಂ ಕಡೆಯವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಚಳಿಗಾಲದಲ್ಲಿ ಕೋಣೆ 20 ಡಿಗ್ರಿ ಇದ್ದಾಗ 75 ಡಿಗ್ರಿ ತೋರಿಸಿದ ಪ್ರೊಸೆಸರು, ಮೇ ತಿಂಗಳ 40 ಡಿಗ್ರಿಯ ಮಧ್ಯಾಹ್ನ 95ರ ಹತ್ತಿರ ಹೋಗುತ್ತದೆ. ಸುಮಾರು 100 ಡಿಗ್ರಿಗೆ ಎಷ್ಟೋ ಪ್ರೊಸೆಸರುಗಳು ತಾವಾಗಿಯೇ ವೇಗ ತಗ್ಗಿಸಿಕೊಳ್ಳುವುದರಿಂದ, ಗಳಿಸಿದ ವೇಗವೂ ಕೈತಪ್ಪುತ್ತದೆ. ಇದರ ಮೇಲೆ ಫರಸಿ ಕಲ್ಲಿನ ಮತ್ತು ಸಿಮೆಂಟಿನ ಧೂಳು ಫ್ಯಾನಿನ ಸಂದುಗಳಲ್ಲಿ ಕುಳಿತರೆ ಗಾಳಿಯಾಡುವುದೂ ನಿಲ್ಲುತ್ತದೆ.

ಯಂತ್ರ ತಾನಾಗಿ ನಿಂತು ಮತ್ತೆ ಶುರುವಾಗುತ್ತಿದ್ದರೆ, ಅಥವಾ ನೀಲಿ ಪರದೆ ಬರುತ್ತಿದ್ದರೆ, ಹೀಗೆ ಪರೀಕ್ಷಿಸಬೇಕು. ಮುಖ್ಯವಾದ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಡುವುದು ಮೊದಲ ಕೆಲಸ. ಆಮೇಲೆ ಬಯಾಸಿನಲ್ಲಿ ಎಲ್ಲವನ್ನೂ ತಯಾರಕರ ಮೂಲಸ್ಥಿತಿಗೆ ತರಬೇಕು. ಆಗಲೂ ತೊಂದರೆ ಉಳಿದರೆ ದೋಷ ಸಾಮಾನ್ಯವಾಗಿ ಓವರ್‌ಕ್ಲಾಕಿಂಗಿನದಲ್ಲ. ಪವರ್ ಸಪ್ಲೈ, ಮೆಮೊರಿ, ಧೂಳು, ಮನೆಯ ಕರೆಂಟಿನ ಏರಿಳಿತ ಇವುಗಳನ್ನು ನೋಡಬೇಕು. ತೊಂದರೆ ಹೋದರೆ ಮೆಮೊರಿಯನ್ನು ಮೆಮ್‌ಟೆಸ್ಟ್86ರಿಂದ ಪ್ರತ್ಯೇಕವಾಗಿ ಪರೀಕ್ಷಿಸಿರಿ. ಎಕ್ಸ್‌ಎಂಪಿ ಎಂಬ ಆಯ್ಕೆಯೂ ಮೆಮೊರಿಯ ಓವರ್‌ಕ್ಲಾಕಿಂಗೇ ಸರಿ. ಪ್ರೊಸೆಸರಿಗೆ ಪ್ರೈಮ್95 ಉಂಟು. 1996ರಲ್ಲಿ ಆರಂಭವಾದ ಮರ್ಸೆನ್ ಅವಿಭಾಜ್ಯ ಸಂಖ್ಯೆಗಳ ಶೋಧಕ್ಕಾಗಿ ಹುಟ್ಟಿದ ಈ ಪ್ರೋಗ್ರಾಮು ತಾನು ಮಾಡಿದ ಲೆಕ್ಕವನ್ನು ತಿಳಿದ ಉತ್ತರದೊಡನೆ ಹೋಲಿಸಿ ನೋಡುತ್ತದೆ. ಆದುದರಿಂದ ಮೌನವಾಗಿ ಆಗುವ ತಪ್ಪೂ ಸಿಕ್ಕಿಬೀಳುತ್ತದೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲವನ್ನು ಬರೆದಿಡುವುದು ಇಲ್ಲಿಯ ಮುಖ್ಯ ಸೂತ್ರ. ಶಾಖ ಮಿತಿಯಲ್ಲಿದ್ದೂ ಲೆಕ್ಕ ತಪ್ಪಿದರೆ ಗುಣಕವನ್ನು ಒಂದು ಮೆಟ್ಟಿಲು ಇಳಿಸಿರಿ, ಇಲ್ಲವೆ ವೋಲ್ಟೇಜನ್ನು ಒಂದು ವೋಲ್ಟಿನ ನೂರನೆಯ ಒಂದು ಭಾಗದಷ್ಟು ಮಾತ್ರ ಏರಿಸಿರಿ. ಶಾಖವೇ ಮಿತಿಮೀರಿದ್ದರೆ ವೋಲ್ಟೇಜ್ ಏರಿಸುವುದು ಬೆಂಕಿಗೆ ತುಪ್ಪ ಸುರಿದಂತೆ. ಧೂಳು ತೆಗೆದು, ಪ್ರೊಸೆಸರಿನ ಮೇಲಿನ ಶಾಖವಾಹಕ ಪೇಸ್ಟನ್ನು ಹೊಸದಾಗಿ ಹಚ್ಚಬೇಕು.

ಅತಿಯಾದ ವೋಲ್ಟೇಜು ಪ್ರೊಸೆಸರಿನ ಆಯುಸ್ಸನ್ನೇ ತಿನ್ನುತ್ತದೆ. ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಕೆಲವು ಪ್ರೊಸೆಸರುಗಳು ಓವರ್‌ಕ್ಲಾಕ್ ಮಾಡದೆಯೂ ಈ ಕಾರಣದಿಂದ ಅಸ್ಥಿರವಾದುವು. 2024ರಲ್ಲಿ ಕಂಪನಿ ತಿದ್ದುಪಡಿ ಹೊರಡಿಸಿ, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಬೇಕಾಯಿತು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಯಂತ್ರಕ್ಕೂ ಸಲ್ಲುತ್ತದೆ. ಆ ಹಾಸಿಗೆಯ ಅಳತೆಯನ್ನು ಡಿಸೆಂಬರಿನ ತಂಪಿನಲ್ಲಿ ತೆಗೆದುಕೊಳ್ಳದೆ, ನಮ್ಮೂರ ಮೇ ತಿಂಗಳ ನಡುಹಗಲಿನಲ್ಲಿ ತೆಗೆದುಕೊಳ್ಳುವುದು ಕ್ಷೇಮ.