ಸ್ವಹಸ್ತದ ಕ್ರಯಪತ್ರ

ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ ಮನೆಯೊಂದನ್ನು ಕೊಳ್ಳಹೊರಟ ಗೃಹಸ್ಥನು, ಬೆಲೆ ಕುದುರಿದ ಮರುದಿನವೇ, ತನ್ನ ಜೀವಮಾನದ ಗಳಿಕೆಯನ್ನೆಲ್ಲ ಹೊತ್ತು ನಿಲ್ಲತಕ್ಕ ಕಾಗದವನ್ನು ಪತ್ರ ಬರಹಗಾರರ ವಶಕ್ಕೊಪ್ಪಿಸಿ, ಅವರು ಬೆರಳಿಟ್ಟ ಕಡೆಗಳಲ್ಲೆಲ್ಲ ರುಜು ಹಾಕಿ, ಒಂದು ಸಾಲನ್ನೂ ಓದದೆ ಉಪನೋಂದಣಾಧಿಕಾರಿಗಳ ಕಚೇರಿಯಿಂದ ಹೊರಬರುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಮಂಡಿಪೇಟೆಯ ಅಂಗಡಿಯಲ್ಲಿ ಅಕ್ಕಿಯನ್ನು ಅಂಗೈಯಲ್ಲಿ ಹರಡಿ ನೋಡದೆ ಕೊಳ್ಳದ ನಾವು, ಮನೆಯ ಪತ್ರದ ವಿಷಯದಲ್ಲಿ ಮಾತ್ರ ಇಷ್ಟು ನಿಶ್ಚಿಂತರಾಗಿರುವುದೇಕೆ? ಕ್ರಯಪತ್ರವೆಂಬುದು ವಕೀಲರಿಗೂ ಬರಹಗಾರರಿಗೂ ಮಾತ್ರ ಮೀಸಲಾದ ವಿದ್ಯೆಯೆಂಬ ಭಾವನೆಯೇ ಇದಕ್ಕೆ ಕಾರಣ.

ಆ ಭಾವನೆಗೆ ಕಾನೂನಿನ ಆಧಾರವಿಲ್ಲ. ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಸ್ವತ್ತಿನ ಕ್ರಯವು ನೋಂದಾಯಿತ ಪತ್ರದಿಂದಲೇ ಆಗತಕ್ಕದ್ದೆಂದು 1882ರ ಸ್ವತ್ತು ವರ್ಗಾವಣೆ ಅಧಿನಿಯಮವು ವಿಧಿಸುತ್ತದೆ. ಬರೆದುಕೊಟ್ಟವರಾಗಲಿ ಬರೆಸಿಕೊಂಡವರಾಗಲಿ ಪತ್ರವನ್ನು ತಾವೇ ಹಾಜರುಪಡಿಸಬಹುದೆಂದು 1908ರ ನೋಂದಣಿ ಅಧಿನಿಯಮವು ಹೇಳುತ್ತದೆ. ಅಕ್ಷರಗಳನ್ನು ಯಾರು ಬರೆದರೆಂದು ಎರಡೂ ಕೇಳುವುದಿಲ್ಲ. ಬರಹಗಾರರ ಪರವಾನಗಿಯು ಅನ್ಯರಿಗಾಗಿ ಬರೆಯುವ ವೃತ್ತಿಗೆ ಸಂಬಂಧಪಟ್ಟದ್ದೇ ಹೊರತು, ತನ್ನ ಸ್ವತ್ತಿನ ಪತ್ರವನ್ನು ತಾನೇ ಸಿದ್ಧಪಡಿಸುವವನಿಗೆ ಅನ್ವಯಿಸತಕ್ಕದ್ದಲ್ಲ. 2023ರಲ್ಲಿ ಬಳಕೆಗೆ ಬಂದ, ನೋಂದಣಿ ಇಲಾಖೆಯ ಕಾವೇರಿ 2.0 ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ವಿವರಗಳನ್ನು ಮನೆಯಿಂದಲೇ ತುಂಬಿ, ಕಚೇರಿಯವರ ಪರಿಶೀಲನೆ ಮುಗಿದ ಮೇಲೆ ಶುಲ್ಕ ಕಟ್ಟಿ, ವೇಳೆಯನ್ನು ಗೊತ್ತುಮಾಡಿಕೊಂಡು, ಸಾಕ್ಷಿಗಳೊಡನೆ ಹೋಗಿ ಭಾವಚಿತ್ರವನ್ನೂ ಹೆಬ್ಬೆಟ್ಟನ್ನೂ ಕೊಟ್ಟು ಬರುವ ಅವಕಾಶವುಂಟು.

ಆದರೆ ಬರೆಯುವುದು ಈ ಕಾರ್ಯದ ಸುಲಭವಾದ ಭಾಗ, ಓದುವುದೇ ಕಠಿನವಾದದ್ದು. ಉಪನೋಂದಣಾಧಿಕಾರಿಗಳು ಪತ್ರವನ್ನು ನೋಂದಾಯಿಸುತ್ತಾರೆಯೇ ವಿನಾ ಮಾರುವವನಿಗೆ ಹಕ್ಕಿದೆಯೆಂದು ಹೊಣೆಯಾಗಿ ನಿಲ್ಲುವುದಿಲ್ಲ. ಆ ಶೋಧನೆಯ ಭಾರವೆಲ್ಲ ಕೊಳ್ಳುವವನದು. ಮೂಲಪತ್ರದಿಂದ ಮೊದಲ್ಗೊಂಡು ಇಂದಿನ ಮಾಲೀಕನವರೆಗೆ ಸ್ವತ್ತು ಕೈಯಿಂದ ಕೈಗೆ ಬಂದ ಬಗೆಯನ್ನು, ನಡುವೆ ಒಂದು ಕೊಂಡಿಯೂ ಕಳಚದಂತೆ, ಆತನೇ ಕುಳಿತು ಓದಬೇಕು. 1997ಕ್ಕೆ ಹಿಂದಿನ ಪತ್ರಗಳಲ್ಲಿ ದಾವಣಗೆರೆಯೂ ಹರಿಹರವೂ ಚಿತ್ರದುರ್ಗ ಜಿಲ್ಲೆಯವೆಂದೇ ಇರುತ್ತವೆ, ಅದು ದೋಷವಲ್ಲ. ನಿಜವಾದ ತೊಡಕಿರುವುದು, ಸ್ವತ್ತಿನ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರದಲ್ಲಿ. ಗಣಕೀಕೃತ ದಾಖಲೆ ದೊರೆಯುವುದು 1-4-2004ರಿಂದೀಚೆಗೆ. ಅದಕ್ಕೆ ಹಿಂದಿನದಕ್ಕೆ ಕಚೇರಿಯ ಕೈಬರಹದ ಪುಸ್ತಕಗಳನ್ನೇ ಹುಡುಕಿಸಬೇಕು. ಅದಲ್ಲದೆ, ಹೊಲವಾಗಿದ್ದಾಗ ಸರ್ವೆ ನಂಬರು, ಬಡಾವಣೆಯಾದಾಗ ನಿವೇಶನ ಸಂಖ್ಯೆ, ಮನೆ ಕಟ್ಟಿದಾಗ ಡೋರ್ ನಂಬರು, ಈಗ ಇ-ಖಾತೆಯ ಸಂಖ್ಯೆ ಎಂದು ಒಂದೇ ನೆಲಕ್ಕೆ ನಾಲ್ಕು ಗುರುತುಗಳಿರುವಾಗ, ಕೇವಲ ಇಂದಿನ ಸಂಖ್ಯೆಯನ್ನು ಕೊಟ್ಟು ಪಡೆದ ಪ್ರಮಾಣಪತ್ರದಲ್ಲಿ ಹಳೆಯ ಸಂಖ್ಯೆಯ ಕೆಳಗೆ ಬರೆದ ಅಡಮಾನವು ಕಾಣಿಸದೆ ಹೋಗಬಹುದು. ಎಲ್ಲ ಗುರುತುಗಳಿಂದಲೂ ಹುಡುಕಿಸತಕ್ಕದ್ದು. ಅಷ್ಟಾದರೂ, ಪತ್ರಗಳನ್ನು ಬ್ಯಾಂಕಿನಲ್ಲಿ ಸುಮ್ಮನೆ ಠೇವಣಿಯಿಟ್ಟು ತೆಗೆದ ಸಾಲವೂ ನ್ಯಾಯಾಲಯದಲ್ಲಿರುವ ದಾವೆಯೂ ಅದರಲ್ಲಿ ಬರಬೇಕೆಂಬ ನಿಯಮವಿಲ್ಲ. ಆದ್ದರಿಂದಲೇ ಜೆರಾಕ್ಸ್ ಪ್ರತಿಗಳಿಗೆ ತೃಪ್ತನಾಗದೆ ಅಸಲು ಪತ್ರಗಳನ್ನು ಕಣ್ಣಾರೆ ಕಂಡ ಹೊರತು ಮುಂಗಡ ಕೊಡಲಾಗದು.

ಸ್ವತ್ತು ಸ್ವಯಾರ್ಜಿತವೋ ಪಿತ್ರಾರ್ಜಿತವೋ ಎಂಬುದು ಮುಂದಿನ ಪ್ರಶ್ನೆ. ನನ್ನ ಎಣಿಕೆಯಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಅವಿಭಕ್ತ ಹಿಂದೂ ಕುಟುಂಬದ ಸ್ವತ್ತಿನಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕೆಂದು ಕರ್ನಾಟಕವು 1994ರಲ್ಲಿಯೂ ಕೇಂದ್ರದ ಶಾಸನವು 2005ರಲ್ಲಿಯೂ ಸಾರಿದವು. ಖಾತೆಯು ಹಿರಿಯಣ್ಣನ ಹೆಸರಿನಲ್ಲಿದೆಯೆಂದು ನಂಬಿ, ಮದುವೆಯಾಗಿ ಹೊರಟ ಅಕ್ಕತಂಗಿಯರನ್ನು ಕೇಳದೆ ಕೊಂಡ ಮನೆಗೆ ಮುಂದೆ ವಿಭಾಗದ ದಾವೆ ಬಂದರೆ ಕೊಂಡವನು ಪ್ರತಿವಾದಿಯಾಗಿ ವರ್ಷಾನುಗಟ್ಟಲೆ ಅಲೆಯಬೇಕಾಗುತ್ತದೆ. ವಂಶವೃಕ್ಷವನ್ನು ತರಿಸಿ, ಅದರಲ್ಲಿರುವ ಪ್ರತಿಯೊಬ್ಬರೂ ಕ್ರಯಪತ್ರಕ್ಕೆ ರುಜು ಹಾಕುವಂತೆಯೋ, ಮೊದಲೇ ಹಕ್ಕು ಬಿಡುಗಡೆ ಪತ್ರವನ್ನು ನೋಂದಾಯಿಸಿಕೊಡುವಂತೆಯೋ ಕೇಳುವುದರಲ್ಲಿ ಸಂಕೋಚವೇನೂ ಇಲ್ಲ. ಖಾತೆಯು ಕಂದಾಯಕ್ಕಾಗಿ ಇರುವ ದಾಖಲೆ, ಹಕ್ಕಿನ ಮೂಲವಲ್ಲ.

ಹಳೆಯ ಕ್ರಯಪತ್ರವೊಂದನ್ನು ಬಿಡಿಸಿದರೆ ನಿಧಿ, ನಿಕ್ಷೇಪ, ಜಲ, ಪಾಷಾಣಾದಿ ಅಷ್ಟಭೋಗಗಳ ಒಕ್ಕಣೆ ಇಂದಿಗೂ ಕಣ್ಣಿಗೆ ಬೀಳುತ್ತದೆ. ಇದು ಶಾಸನಗಳ ಕಾಲದಿಂದ ನಡೆದುಬಂದ ಮಾತು; 1224ರ ಸುಮಾರಿಗೆ ಹೊಯ್ಸಳ ದಂಡನಾಯಕ ಪೋಲಾಳ್ವನು ಕಟ್ಟಿಸಿದ ಹರಿಹರೇಶ್ವರ ದೇಗುಲದಂಥ ಸ್ಥಳಗಳಲ್ಲಿ ನಿಂತಿರುವ ದಾನಶಾಸನಗಳಲ್ಲಿಯೂ ಭೂಮಿಯ ಸೀಮೆಗಳನ್ನು ಹೇಳುವ ಪದ್ಧತಿಯುಂಟು. ಒಕ್ಕಣೆಯನ್ನು ಬಿಟ್ಟರೂ ನಡೆದೀತು, ಚೆಕ್ಕುಬಂದಿಯನ್ನು ಕೆಡಿಸುವಂತಿಲ್ಲ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಖಾಲಿ ನಿವೇಶನ ಎಂದು ನಲವತ್ತು ವರ್ಷದ ಹಿಂದೆ ಬರೆದದ್ದನ್ನೇ ನಕಲು ಮಾಡಿದರೆ, ಆ ನೆರೆಯವರು ಮನೆ ಮಾರಿ ಹೋಗಿರುತ್ತಾರೆ, ಖಾಲಿ ನಿವೇಶನದಲ್ಲಿ ಎರಡಂತಸ್ತು ಎದ್ದಿರುತ್ತದೆ. ಟೇಪು ಹಿಡಿದು ಅಳತೆ ಮಾಡಿ, ಹಳೆಯ ಬಂದಿಯನ್ನೂ ಇಂದಿನ ಸ್ಥಿತಿಯನ್ನೂ ಎರಡನ್ನೂ ಷೆಡ್ಯೂಲಿನಲ್ಲಿ ಕಾಣಿಸುವುದು ಯುಕ್ತ. ಇದನ್ನು ಆ ಮನೆಯಲ್ಲಿ ಬಾಳತಕ್ಕವನಿಗಿಂತ ಶ್ರದ್ಧೆಯಿಂದ ಮಾಡಬಲ್ಲವರು ಯಾರು?

ಖರ್ಚಿನ ಲೆಕ್ಕ ಸರಳ. ನಗರದಲ್ಲಿ 30 ಲಕ್ಷ ರೂಪಾಯಿಯ ಮನೆಗೆ ಶೇಕಡ 5ರಂತೆ ಮುದ್ರಾಂಕ ಶುಲ್ಕ 1,50,000. ಅದರ ಮೇಲೆ ಶೇಕಡ 10ರ ಸೆಸ್ಸು 15,000, ಶೇಕಡ 2ರ ಸರ್‌ಚಾರ್ಜು 3,000. 2025ರ ಆಗಸ್ಟ್ ಕೊನೆಯಿಂದ ಶೇಕಡ 1ರಿಂದ 2ಕ್ಕೇರಿದ ನೋಂದಣಿ ಶುಲ್ಕ 60,000. ಸರ್ಕಾರದ ಮಾರ್ಗಸೂಚಿ ಬೆಲೆಯು ಕ್ರಯದ ಬೆಲೆಗಿಂತ ಹೆಚ್ಚಾಗಿದ್ದರೆ ಲೆಕ್ಕವು ಅದರ ಮೇಲೆಯೇ. ಬೆಲೆ 50 ಲಕ್ಷ ಮುಟ್ಟಿದರೆ ಶೇಕಡ 1ರಷ್ಟು ಆದಾಯ ತೆರಿಗೆಯನ್ನು ಕೊಳ್ಳುವವನೇ ಮುರಿದುಕೊಂಡು ಕಟ್ಟಬೇಕು. ರುಜುವಾದ ಪತ್ರವನ್ನು ನಾಲ್ಕು ತಿಂಗಳೊಳಗೆ ಹಾಜರುಪಡಿಸಬೇಕು.

ಮಾರುವವನ ಹೊಣೆಯೂ ಲಘುವಲ್ಲ. ತನಗೆ ಗೊತ್ತಿರುವ, ಕೊಳ್ಳುವವನಿಗೆ ಗೊತ್ತಾಗಲಾರದ ದೋಷವನ್ನು ತಿಳಿಸುವುದೂ ಕ್ರಯದ ದಿನದವರೆಗಿನ ಕಂದಾಯವನ್ನು ತೀರಿಸುವುದೂ ಅವನ ಕರ್ತವ್ಯವೆಂದು 1882ರ ಅಧಿನಿಯಮದ 55ನೆಯ ಪ್ರಕರಣವೇ ಹೇಳುತ್ತದೆ. ಇನ್ನು ಅಪ್ರಾಪ್ತ ವಯಸ್ಕನ ಪಾಲು, ವಿವಾದದಲ್ಲಿರುವ ಉಯಿಲು, ಸರ್ಕಾರದಿಂದ ಮಂಜೂರಾದ ಭೂಮಿ, ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದ (ದೂಡಾ) ಅನುಮೋದನೆಯಿಲ್ಲದ ಬಡಾವಣೆ, ಇವುಗಳಲ್ಲಿ ಯಾವುದೊಂದು ಕಂಡರೂ ಸ್ವಪ್ರಯತ್ನವನ್ನು ಅಲ್ಲಿಗೇ ನಿಲ್ಲಿಸಿ ಅನುಭವಿ ವಕೀಲರ ಬಳಿಗೆ ಹೋಗುವುದು ವಿವೇಕ.

ನೋಂದಣಿಯಾದ ಮೇಲೆ ಮಹಾನಗರ ಪಾಲಿಕೆಯಲ್ಲೋ ಹರಿಹರದ ನಗರಸಭೆಯಲ್ಲೋ ಖಾತೆ ಬದಲಾವಣೆ, ಬೆಸ್ಕಾಂ ಮೀಟರಿನ ಹೆಸರು ಬದಲಾವಣೆ ಉಳಿದಿರುತ್ತವೆ. ಅವುಗಳಿಗಿಂತ ಮುಂಚೆ ಹೊಸದಾಗಿ ಋಣಭಾರ ಪ್ರಮಾಣಪತ್ರವೊಂದನ್ನು ಪಡೆದು, ತನ್ನ ಕ್ರಯವು ಸರಿಯಾದ ಸಂಖ್ಯೆ, ಅಳತೆ, ಹೆಸರುಗಳೊಡನೆ ದಾಖಲಾಗಿದೆಯೇ ಎಂದು ನೋಡತಕ್ಕದ್ದು. ಏಕೆಂದರೆ ಪತ್ರದಲ್ಲಿಯೇ ತಪ್ಪಿದ್ದರೆ ತಿದ್ದುಪಡಿ ಪತ್ರಕ್ಕೆ ಮಾರಿದವನ ರುಜುವೂ ಬೇಕು, ಆತನು ಹಣ ಪಡೆದು ಬೇರೆ ಊರಿಗೆ ಹೊರಟುಹೋಗುವ ಮೊದಲೇ ಅದನ್ನು ಮಾಡಿಸಿಕೊಳ್ಳುವುದು ಸುಲಭ.