ಉಡುಪಿಗೂ ಒಂದು ಕಾನೂನು: ಟ್ಯೂಡರ್ ಇಂಗ್ಲೆಂಡಿನ ಅಂತಸ್ತಿನ ಗುರುತುಗಳು

1574ರ ಜೂನ್ 15ರಂದು ಇಂಗ್ಲೆಂಡಿನ ಟ್ಯೂಡರ್ ವಂಶದ ರಾಣಿ ಮೊದಲನೆಯ ಎಲಿಜಬೆತ್ ಗ್ರೀನಿಚ್ ಅರಮನೆಯಿಂದ ಒಂದು ಘೋಷಣೆ ಹೊರಡಿಸಿದಳು. ಯಾರು ಏನು ತೊಡಬಹುದು, ಏನು ತೊಡಕೂಡದು ಎಂಬ ಉದ್ದನೆಯ ಪಟ್ಟಿ ಅದರಲ್ಲಿತ್ತು. ನೇರಳೆ ಬಣ್ಣದ ರೇಷ್ಮೆ, ಚಿನ್ನದ ಎಳೆ ಸೇರಿಸಿ ನೇಯ್ದ ಬಟ್ಟೆ, ಸೇಬಲ್ ಎಂಬ ಪ್ರಾಣಿಯ ತುಪ್ಪಳ, ಇವು ರಾಜಮನೆತನಕ್ಕೆ ಮೀಸಲು. ಡ್ಯೂಕ್, ಅರ್ಲ್ ಮೊದಲಾದ ಪದವಿಯವರು ಇವನ್ನು ಕೆಲವು ಉಡುಪುಗಳಲ್ಲಿ, ಅಸ್ತರಿನಲ್ಲಿ ಮಾತ್ರ ಬಳಸಬಹುದಿತ್ತು. ಕಡುಗೆಂಪು ವೆಲ್ವೆಟ್ ತೊಡಬೇಕಾದರೆ ದೊಡ್ಡ ಪದವಿ ಇರಬೇಕು, ಇಲ್ಲವೇ ಗಾರ್ಟರ್ ನೈಟ್ ಎಂಬ ಗೌರವ ಪಡೆದಿರಬೇಕು. ಅದಕ್ಕಿಂತ ಕೆಳಗಿನವರಿಗೆ ವರ್ಷದ ಆದಾಯವೇ ಅಳತೆಗೋಲು.

ಇಂಥ ಕಟ್ಟಳೆ ಇಂಗ್ಲೆಂಡಿಗೆ ಹೊಸದಲ್ಲ. 1363ರ ಶಾಸನವೇ ನೇಗಿಲು ಹಿಡಿಯುವವರು, ಗಾಡಿ ಹೊಡೆಯುವವರು ಒರಟು ಉಣ್ಣೆಬಟ್ಟೆಯನ್ನಷ್ಟೇ ತೊಡಬೇಕೆಂದು ವಿಧಿಸಿತ್ತು. 1463ರ ಶಾಸನ ಪಾದರಕ್ಷೆಯ ಚೂಪು ತುದಿಯನ್ನೂ ಬಿಡಲಿಲ್ಲ. ಲಾರ್ಡ್ ಪದವಿಗಿಂತ ಕೆಳಗಿನವರ ಬೂಟಿನ ಮೂತಿ 2 ಅಂಗುಲ ಮೀರಬಾರದಿತ್ತು. 1533ರಲ್ಲಿ ಎಂಟನೆಯ ಹೆನ್ರಿ ತಂದ ಕಾನೂನೇ ಎಲಿಜಬೆತ್‌ಳ ಘೋಷಣೆಗಳಿಗೆ ತಳಹದಿ.

ಬಟ್ಟೆ ಏನನ್ನು ಹೇಳುತ್ತಿತ್ತು?

ಅಂತಸ್ತನ್ನು ತೋರಿಸಲು ಬಟ್ಟೆಯೇ ಏಕೆ? ಯಂತ್ರಗಳಿಲ್ಲದ ಆ ಕಾಲದಲ್ಲಿ ಪ್ರತಿಯೊಂದು ಗಜ ಬಟ್ಟೆಯ ಹಿಂದೆಯೂ ನೂಲುವವರ, ನೇಯುವವರ, ಬಣ್ಣಗಾರರ ದುಡಿಮೆ ಕಣ್ಣಿಗೆ ಕಾಣುವಂತಿತ್ತು. ಕಡುಗೆಂಪು ಬಣ್ಣವನ್ನೇ ನೋಡಿ. ಅದಕ್ಕೆ ಬೇಕಾದ ಕರ್ಮೀಸ್ ಎಂಬ ಪುಟ್ಟ ಕೀಟವನ್ನು ಮೆಡಿಟರೇನಿಯನ್ ತೀರದ ಓಕ್ ಗಿಡಗಳಿಂದ ಕೈಯಲ್ಲೇ ಬಿಡಿಸಿ ತರಬೇಕಿತ್ತು. ಹದಿನಾರನೆಯ ಶತಮಾನದಲ್ಲಿ ಮೆಕ್ಸಿಕೋದ ಕೊಚಿನೀಲ್ ಕೀಟ ಅದರ ಜಾಗಕ್ಕೆ ಬಂತು. ಅದೂ ಸಾಗರ ದಾಟಿ ಬರಬೇಕಾದ ಸರಕು. ಸೇಬಲ್ ತುಪ್ಪಳ ರಷ್ಯಾದ ಚಳಿನಾಡಿನಿಂದ, ಒಳ್ಳೆಯ ವೆಲ್ವೆಟ್ ಇಟಲಿಯ ಮಗ್ಗಗಳಿಂದ ಬರುತ್ತಿತ್ತು. ಇಷ್ಟು ದೂರದಿಂದ, ಇಷ್ಟು ಕೈಗಳನ್ನು ದಾಟಿ ಬಂದದ್ದನ್ನು ಮೈಮೇಲೆ ಹಾಕಿಕೊಂಡವನು ಬಾಯಿಬಿಟ್ಟು ತನ್ನ ಹಿರಿಮೆ ಹೇಳಬೇಕಾಗಿರಲಿಲ್ಲ.

ಬೆಲೆಗಿಂತ ಆಳವಾದ ಇನ್ನೊಂದು ಗುರುತೂ ಇತ್ತು. ತೊಟ್ಟವರು ಮೈಬಗ್ಗಿಸಿ ದುಡಿಯುವವರಲ್ಲ ಎಂದು ಸಾರುವಂತೆ ಆ ಉಡುಪುಗಳನ್ನು ರೂಪಿಸಲಾಗುತ್ತಿತ್ತು. ಇದಕ್ಕೆ ಒಳ್ಳೆಯ ಉದಾಹರಣೆ ರಫ್, ಅಂದರೆ ಕೊರಳ ಸುತ್ತ ಚಕ್ರದಂತೆ ನಿಲ್ಲುತ್ತಿದ್ದ ನೆರಿಗೆಪಟ್ಟಿ. ಅದನ್ನು ತೆಳುವಾದ ಬಿಳಿ ಲಿನನ್ನಿನಲ್ಲಿ ಮಾಡುತ್ತಿದ್ದರು. ಪ್ರತಿ ಸಲ ಒಗೆದ ಮೇಲೂ ಗಂಜಿ ಹಾಕಿ, ಕಾಯಿಸಿದ ಕಬ್ಬಿಣದ ಕಡ್ಡಿಗಳಿಂದ ಒಂದೊಂದೇ ನೆರಿಗೆ ಕೂರಿಸಬೇಕಿತ್ತು. 1564ರಲ್ಲಿ ಫ್ಲಾಂಡರ್ಸ್‌ನಿಂದ ಲಂಡನ್ನಿಗೆ ಬಂದ ಡಿಂಗೆನ್ ವಾನ್ ಡರ್ ಪ್ಲಾಸೆ ಎಂಬ ಹೆಂಗಸು ಗಂಜಿ ಹಾಕುವ ವಿದ್ಯೆಯನ್ನು ಕಲಿಸಲು ನಾಲ್ಕೈದು ಪೌಂಡ್ ಶುಲ್ಕ ಪಡೆಯುತ್ತಿದ್ದಳು. ಮಳೆಗೆ ಸಿಕ್ಕರೆ ರಫ್ ಜೋತುಬೀಳುತ್ತಿತ್ತು. ಅದನ್ನು ತೊಟ್ಟು ತಲೆ ತಗ್ಗಿಸುವುದೂ ಕಷ್ಟ. ಬೆಳ್ಳಗಿನ, ಗರಿಗರಿಯಾದ ರಫ್ ಎಂದರೆ ಮನೆಯಲ್ಲಿ ಆಳುಕಾಳುಗಳಿದ್ದಾರೆ ಎಂದೇ ಅರ್ಥ. ಫಿಲಿಪ್ ಸ್ಟಬ್ಸ್ ಎಂಬ ಲೇಖಕ 1583ರ ತನ್ನ ಪುಸ್ತಕದಲ್ಲಿ ಈ ರಫ್‌ಗಳ ಮೇಲೆ, ಗಂಜಿಯ ಮೇಲೆ ಹರಿಹಾಯ್ದ. ಪದವಿ ಇಲ್ಲದವರೂ ಪದವಿವಂತರಂತೆ ಉಡುವುದರಿಂದ ಯಾರು ಯಾರೆಂದೇ ತಿಳಿಯದಂತಾಗಿದೆ ಎಂಬುದು ಅವನ ದೊಡ್ಡ ದೂರು.

ಕಟ್ಟಳೆಯ ಹಿಂದಿನ ಲೆಕ್ಕಾಚಾರ

ಸಮಾಜದ ಮೆಟ್ಟಿಲುಗಳು ಕದಲಬಾರದೆಂಬುದು ಆಳುವವರ ಮೊದಲ ಉದ್ದೇಶ. ಹಣವೂ ಅಷ್ಟೇ ಮುಖ್ಯ ಕಾರಣವಾಗಿತ್ತು. ವಿದೇಶಿ ರೇಷ್ಮೆಗಾಗಿ ನಾಡಿನ ಸಂಪತ್ತು ಸೋರಿಹೋಗುತ್ತಿದೆ, ಎಳೆಯ ವಯಸ್ಸಿನ ಕುಲೀನರು ಉಡುಪಿಗಾಗಿ ಆಸ್ತಿ ಕಳೆದುಕೊಂಡು ಸಾಲದಲ್ಲಿ ಮುಳುಗುತ್ತಿದ್ದಾರೆ ಎಂದು 1574ರ ಘೋಷಣೆ ಹೇಳುತ್ತದೆ. 1571ರ ಇನ್ನೊಂದು ಕಾನೂನಿನ ಪ್ರಕಾರ ಆರು ವರ್ಷ ದಾಟಿದ ಸಾಮಾನ್ಯರು ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಇಂಗ್ಲೆಂಡಿನಲ್ಲೇ ಹೆಣೆದ ಉಣ್ಣೆಯ ಟೋಪಿ ಹಾಕಬೇಕಿತ್ತು. ಟೋಪಿ ಹೆಣೆಯುವವರ ಹೊಟ್ಟೆಪಾಡಿಗೆಂದು ಬಂದ ಕಾನೂನು ಅದು. ಕುಲೀನರಿಗೆ ಅದರಿಂದ ವಿನಾಯಿತಿ ಇದ್ದುದರಿಂದ ಆ ಟೋಪಿಯೇ ಕೆಳಗಿನ ಅಂತಸ್ತಿನ ಗುರುತಾಯಿತು.

ಕಟ್ಟಳೆ ಮುರಿದದ್ದು ಹೇಗೆ?

1565ರ ಜನವರಿಯಲ್ಲಿ ಲಂಡನ್ನಿನ ಸೇವಕನೊಬ್ಬ ಅತಿ ದೊಡ್ಡದಾಗಿ ಉಬ್ಬಿಸಿದ ಚಲ್ಲಣ ತೊಟ್ಟಿದ್ದಕ್ಕೆ ಸೆರೆ ಸೇರಿದ. ಅವನ ಚಲ್ಲಣವನ್ನು ನಗರದ ಗಿಲ್ಡ್‌ಹಾಲಿನಲ್ಲಿ ಪ್ರದರ್ಶನಕ್ಕಿಟ್ಟರು. ಇಂಥ ಶಿಕ್ಷೆಗಳು ನಡೆದರೂ ಅಪರೂಪ. ಎಲಿಜಬೆತ್ ಇಂಥ ಘೋಷಣೆಗಳನ್ನು ಮತ್ತೆಮತ್ತೆ ಹೊರಡಿಸಬೇಕಾಯಿತು. ಜನ ಕಟ್ಟಳೆಯನ್ನು ಪಾಲಿಸುತ್ತಿರಲಿಲ್ಲ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ವ್ಯಾಪಾರದಲ್ಲಿ ಗಳಿಸಿದವರ ಕೈಯಲ್ಲಿ ಹಣವಿತ್ತು, ಅಂಗಡಿಯಲ್ಲಿ ರೇಷ್ಮೆ ಇತ್ತು. ನಡುವೆ ನಿಂತಿದ್ದದ್ದು ಒಂದು ಕಾಗದವಷ್ಟೇ.

1599ರಲ್ಲಿ ಲಂಡನ್ನಿಗೆ ಬಂದ ಸ್ವಿಟ್ಜರ್ಲೆಂಡಿನ ಥಾಮಸ್ ಪ್ಲಾಟರ್ ಒಂದು ಸೊಗಸಾದ ಸಂಗತಿ ದಾಖಲಿಸಿದ್ದಾನೆ. ಪ್ರಭುಗಳು ಸಾಯುವಾಗ ತಮ್ಮ ಒಳ್ಳೆಯ ಉಡುಪುಗಳನ್ನು ಸೇವಕರಿಗೆ ಬಿಟ್ಟುಹೋಗುತ್ತಿದ್ದರು. ಅವನ್ನು ತೊಡುವುದು ಸೇವಕರಿಗೆ ತರವಲ್ಲವಾದ್ದರಿಂದ ನಾಟಕದವರಿಗೆ ಅಗ್ಗಕ್ಕೆ ಮಾರುತ್ತಿದ್ದರು. ಹೀಗೆ ಸಾಮಾನ್ಯ ನಟನೊಬ್ಬ ನಿಜವಾದ ಪ್ರಭುವಿನ ಅಂಗಿಯಲ್ಲೇ ರಂಗಕ್ಕೆ ಬರುತ್ತಿದ್ದ. ಬಟ್ಟೆ ಬದಲಾದರೆ ಯಾರು ಬೇಕಾದರೂ ಪ್ರಭುವಿನಂತೆ ಕಾಣಬಲ್ಲರು ಎಂಬುದನ್ನು ಲಂಡನ್ನಿನ ಜನ ಕಣ್ಣಾರೆ ಕಂಡರು.

1604ರಲ್ಲಿ, ಮೊದಲನೆಯ ಜೇಮ್ಸ್‌ನ ಕಾಲದಲ್ಲಿ, ಇಂಗ್ಲೆಂಡಿನ ಉಡುಪಿನ ಕಾನೂನುಗಳು ರದ್ದಾದವು. ಫ್ರಾನ್ಸಿನಲ್ಲಿ ಈ ಭೇದ ಇನ್ನೂ ಬಹುಕಾಲ ಉಳಿಯಿತು. 1789ರ ಮೇ ತಿಂಗಳಲ್ಲಿ ವರ್ಸೈಲ್ಸ್‌ನಲ್ಲಿ ಸೇರಿದ ಮಹಾಸಭೆಗೆ ಕುಲೀನರು ಚಿನ್ನದ ಅಲಂಕಾರ, ಬಿಳಿ ಗರಿಯ ಟೋಪಿ ತೊಟ್ಟು ಬಂದರೆ, ಸಾಮಾನ್ಯರ ಪ್ರತಿನಿಧಿಗಳು ಸಾದಾ ಕಪ್ಪು ಉಡುಪಿನಲ್ಲೇ ಬರಬೇಕೆಂದು ಅರಮನೆ ಆಜ್ಞೆ ಮಾಡಿತ್ತು. ಆ ಅವಮಾನ ಅವರನ್ನು ಕೆರಳಿಸಿತು. 1793ರ ಅಕ್ಟೋಬರ್ 29ರಂದು ಫ್ರೆಂಚ್ ಕ್ರಾಂತಿಯ ಸರ್ಕಾರ ಇಂತಹುದೇ ಉಡುಪು ತೊಡಬೇಕೆಂದು ಯಾರನ್ನೂ ಬಲವಂತ ಮಾಡುವಂತಿಲ್ಲ ಎಂದು ಸಾರಿತು. ಆದರೆ ಹೆಣ್ಣಿಗೆ ಹೆಣ್ಣಿನ ಉಡುಪು, ಗಂಡಿಗೆ ಗಂಡಿನ ಉಡುಪು ಎಂಬ ಗೆರೆ ಉಳಿಯಿತು. ಕ್ರಾಂತಿಯ ಗುರುತಾದ, ಮೂರು ಬಣ್ಣದ ಪಟ್ಟಿಯ ಗುಲಾಬಿಯಾಕಾರದ ಬಿಲ್ಲೆ ಧರಿಸುವ ಕಡ್ಡಾಯವೂ ತಪ್ಪಲಿಲ್ಲ.

ಕಾನೂನು ಹೋದರೂ ಬೆಲೆ ಉಳಿಯಿತು. ಹುಟ್ಟು ನಿರ್ಧರಿಸುತ್ತಿದ್ದುದನ್ನು ಹಣ ನಿರ್ಧರಿಸತೊಡಗಿತು. ಆದ್ದರಿಂದ ಹಳೆಯ ಯುರೋಪಿನ ಭಾವಚಿತ್ರವೊಂದನ್ನು ನೋಡುವಾಗ ತೊಟ್ಟವರ ಹೆಸರು ಕೇಳಿ ಸುಮ್ಮನಾಗಬಾರದು. ಈ ಬಣ್ಣ ಎಲ್ಲಿಂದ ಬಂತು, ಈ ಕೊರಳಪಟ್ಟಿಗೆ ಗಂಜಿ ಹಾಕಿದವರು ಯಾರು, ಇದೇ ಉಡುಪನ್ನು ತೊಡಬಾರದೆಂದು ಯಾರನ್ನು ತಡೆಯಲಾಗಿತ್ತು ಎಂದೂ ಕೇಳಬೇಕು. ಚಿತ್ರದಲ್ಲಿ ಜಾಗ ಸಿಗದ ಜನರ ಚರಿತ್ರೆ ಈ ಪ್ರಶ್ನೆಗಳ ಉತ್ತರದಲ್ಲಿದೆ.