ಗಣಕ ವಿದ್ಯೆಯ ಆಯ್ಕೆ: ಪಾಲಕರ ಗಮನಕ್ಕೆ

ಸಂಡೂರು ತಾಲ್ಲೂಕಿನ ಬಂಡ್ರಿ ಹಾಗೂ ಸುತ್ತಲಿನ ಗ್ರಾಮಗಳ ಸದ್ಗೃಹಸ್ಥರು ಮಕ್ಕಳ ಮುಂದಿನ ವ್ಯಾಸಂಗದ ಮಾತು ಬಂದಾಗ ಇಂದು ಮೊದಲು ಉಚ್ಚರಿಸುವ ಶಬ್ದ ‘ಸಾಫ್ಟ್‌ವೇರ್’. ಇದು ಸಂತೋಷದ ಸಂಗತಿಯೇ ಸರಿ. ಆದರೆ ಈ ಸೀಮೆಯ ನಾವು ಇನ್ನೊಂದು ಕಾಲವನ್ನು ಮರೆಯುವಂತಿಲ್ಲ. ಕಬ್ಬಿಣದ ಅದಿರಿಗೆ ಬೆಲೆ ಏರಿದ ವರ್ಷಗಳಲ್ಲಿ, ನೆರೆಮನೆಯವರು ಕೊಂಡರೆಂದು ಸಾಲ ಮಾಡಿ ಲಾರಿ ಕೊಂಡವರುಂಟು. 2011ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಲಾರಿಗಳು ನಿಂತವು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ.

ತಂತ್ರಾಂಶದ ವೃತ್ತಿಗೂ ಇಂಥ ಏರಿಳಿತಗಳಿವೆ. 2001ರಲ್ಲಿ, 2008ರಲ್ಲಿ, ಮತ್ತೆ 2023ರಲ್ಲಿ ಕಂಪನಿಗಳು ಹೊಸಬರ ನೇಮಕವನ್ನು ಬಹಳ ತಗ್ಗಿಸಿದವು. ಸಾಧಾರಣ ಪ್ರೋಗ್ರಾಮುಗಳನ್ನು ಈಗ ಯಂತ್ರವೇ ಬರೆದುಕೊಡುತ್ತಿದೆ. ಹಾಗೆಂದು ಈ ವಿದ್ಯೆಯೇ ಬೇಡವೆಂಬುದು ನಮ್ಮ ಅಭಿಪ್ರಾಯವಲ್ಲ. ಪ್ರೋಗ್ರಾಮಿನ ಭಾಷೆಗಳು ಹತ್ತು ವರ್ಷಕ್ಕೊಮ್ಮೆ ಹಳತಾಗಬಹುದು. ಗಣಿತ, ತರ್ಕ, ದತ್ತಾಂಶವನ್ನು ಕ್ರಮವಾಗಿ ಜೋಡಿಸುವ ರೀತಿ, ಇವು ಹಳತಾಗುವುದಿಲ್ಲ. ಬೆಲೆ ಇಳಿದ ಕಾಲದಲ್ಲಿ ಉಳಿದುಕೊಳ್ಳುವವರು ಬೇರು ಗಟ್ಟಿಯಿದ್ದವರೇ.

ಪಾಲಕರು ಬಹುತೇಕ ತಡವಾಗಿ ತಿಳಿಯುವ ಸಂಗತಿಯೊಂದಿದೆ. ಕಂಪ್ಯೂಟರ್ ಇಂಜಿನಿಯರಿಂಗಿನ ಬಾಗಿಲು ತೆರೆಯುವುದೋ ಮುಚ್ಚುವುದೋ ಪಿಯುಸಿ ಮುಗಿದ ಮೇಲಲ್ಲ, ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುವಾರವೇ. ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದದವರಿಗೆ ಸಿಇಟಿಯ ಮೂಲಕ ಬಿ.ಇ. ಪ್ರವೇಶವಿಲ್ಲ. ಹೆಣ್ಣುಮಗಳಿಗೆ ಗಣಿತವೇಕೆ ಎನ್ನುವ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಆ ಒಂದು ಮಾತಿನಿಂದ ಬಾಲಕಿಯ ದಾರಿ ಹದಿನಾರನೆಯ ವಯಸ್ಸಿಗೇ ಕಿರಿದಾಗುತ್ತದೆ. ಎಸ್ಸೆಸ್ಸೆಲ್ಸಿಯ ನಂತರ ಮೂರು ವರ್ಷದ ಡಿಪ್ಲೊಮಾ ಮಾಡಿ ಬಿ.ಇ. ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ಮಾರ್ಗವೂ ಇದೆ. ಬಡ ಕುಟುಂಬಗಳಿಗೆ ಇದು ಉತ್ತಮ ಮಾರ್ಗವೆಂದು ನಾವು ಭಾವಿಸುತ್ತೇವೆ.

ಬಿ.ಸಿ.ಎ. ಎಂದರೆ ಕಡಿಮೆಯೆಂಬ ಭಾವನೆ ಸರಿಯಲ್ಲ. ಮೂರು ವರ್ಷದ ಈ ಪದವಿಯ ನಂತರ, 2020ರಿಂದ ಎರಡೇ ವರ್ಷದ್ದಾಗಿರುವ ಎಂ.ಸಿ.ಎ. ಮಾಡಬಹುದು. ವಾಣಿಜ್ಯ, ಕಲಾ ವಿಭಾಗದವರಿಗೂ ಅನೇಕ ಕಡೆ ಬಿ.ಸಿ.ಎ. ಪ್ರವೇಶವುಂಟು, ಗಣಿತದ ನಿಯಮವನ್ನು ಮಾತ್ರ ಕಾಲೇಜಿನಲ್ಲಿಯೇ ಕೇಳಿ ತಿಳಿಯಬೇಕು. 2010ರಲ್ಲಿ ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಪದವಿಗಾಗಿ ಕಲಬುರಗಿಯನ್ನು ನೋಡುವ ಕಾಲವೂ ಹೋಯಿತು.

ಇಂಜಿನಿಯರಿಂಗಿಗೂ ಬೆಂಗಳೂರೇ ಆಗಬೇಕೆಂದಿಲ್ಲ. ವೀರಶೈವ ವಿದ್ಯಾವರ್ಧಕ ಸಂಘವು ನಡೆಸುವ ಬಳ್ಳಾರಿಯ ರಾವ್ ಬಹದ್ದೂರ್ ವೈ. ಮಹಾಬಲೇಶ್ವರಪ್ಪ ಕಾಲೇಜು 1980ರದು; ಹೊಸಪೇಟೆಯ ಪ್ರೌಢದೇವರಾಯ ತಾಂತ್ರಿಕ ಮಹಾವಿದ್ಯಾಲಯ 1997ರದು. ಸಿಇಟಿ ಸೀಟು ಸಿಕ್ಕರೆ ಹೊಲ ಮಾರಿ ದೂರದ ಊರಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ಕೊಳ್ಳುವ ಅಗತ್ಯವೇನು? ಯಾವ ಕಾಲೇಜಾದರೂ ಕಟ್ಟಡ ನೋಡಿ ಮರುಳಾಗದೆ, ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗೆ ವಾರಕ್ಕೆ ಎಷ್ಟು ಗಂಟೆ ಯಂತ್ರ ದೊರೆಯುತ್ತದೆಂದು ಅಲ್ಲಿಯ ಹಿರಿಯ ವಿದ್ಯಾರ್ಥಿಗಳನ್ನೇ ಕೇಳುವುದು ಲೇಸು.

ಉದ್ಯೋಗವೆಂದರೆ ಪ್ರೋಗ್ರಾಮ್ ಬರೆಯುವುದೊಂದೇ ಅಲ್ಲ. ತಂತ್ರಾಂಶವನ್ನು ಪರೀಕ್ಷಿಸುವವರು, ದತ್ತಸಂಚಯ ನೋಡಿಕೊಳ್ಳುವವರು, ಜಾಲದ ಭದ್ರತೆ ಕಾಯುವವರು ಬೇಕು. ಬ್ಯಾಂಕುಗಳಲ್ಲಿ, ಆಸ್ಪತ್ರೆಗಳಲ್ಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಂಥ ಕಡೆಗಳಲ್ಲಿಯೂ ಇವರಿಗೆ ಕೆಲಸವುಂಟು.

ಸಿಇಟಿ ಆಯ್ಕೆಗಳನ್ನು ನಮೂದಿಸುವಾಗ ಕ್ರಮವೇ ಮುಖ್ಯ. ಮೇಲೆ ಬರೆದದ್ದು ದೊರೆತರೆ ಅದರ ಕೆಳಗಿನವು ತಾವಾಗಿಯೇ ಹೋಗುತ್ತವೆ. ಆದ್ದರಿಂದ ಆ ಪಟ್ಟಿಯನ್ನು ಸೈಬರ್ ಅಂಗಡಿಯವರ ಕೈಗೆ ಬಿಡದೆ, ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂಡಿಸಿಕೊಂಡು ಮನೆಯಲ್ಲಿಯೇ ಕಾಗದದ ಮೇಲೆ ಬರೆದು ಸಿದ್ಧಪಡಿಸಿಟ್ಟುಕೊಳ್ಳಬೇಕು.